ಹೊಸನೀರಿಗೆ ಮೂರು ದಿನ

ರಾತ್ರಿ ಹನ್ನೊಂದಕ್ಕೆ ಹಿಡಿದ ಮಳೆ ನಾಲ್ಕರ ಸುಮಾರಿಗೆ ಬಿಟ್ಟಿದೆ. ಐದೂವರೆಗೆ ಬಾಗಿಲು ತೆಗೆದರೆ ರಾಯಚೂರಿನ ಗಾಳಿಯಲ್ಲಿ ಅಪರೂಪದ ತಂಪು. ಅಂಗಳ ದಾಟುವಷ್ಟರಲ್ಲಿ ಎರೆಮಣ್ಣು ಚಪ್ಪಲಿಗೆ ಹತ್ತಿ ಕಾಲು ಭಾರವಾಗುತ್ತದೆ. ಇವತ್ತು ಶ್ರಾವಣ ಸೋಮವಾರ. ಬೀದಿ ತುದಿಯಲ್ಲಿ ಆಗಲೇ ಟಂಟಂ ಗಾಡಿಗಳು ತುಂಬುತ್ತಿವೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ತಾಮ್ರದ ತಂಬಿಗೆ, ಕಾಯಿ ಕರ್ಪೂರದ ಚೀಲ, ನಿದ್ದೆ ಹರಿಯದ ಮಕ್ಕಳು. ಎಲ್ಲಿಗೆ ಹೊರಟಿರಿ ಎಂದು ಕೇಳುವ ಅಗತ್ಯವಿಲ್ಲ. ಎಲ್ಲರೂ ಹೊರಟಿರುವುದು ಹೊಳೆಗೆ.

ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಎರಡು ತೊರೆಗಳ ನಡುವಿನ ಈ ನೆಲಕ್ಕೆ ಹಳಬರು ಇಟ್ಟ ಹೆಸರು ಎಡೆದೊರೆ ನಾಡು. ಕರಾವಳಿಯವರಿಗೆ ಕಡಲ ತೀರ ಹೇಗೋ ನಮಗೆ ಹೊಳೆಯ ದಂಡೆ ಹಾಗೆ. ಜಳಕ ಅಲ್ಲಿ, ಈಜು ಕಲಿಯುವುದು ಅಲ್ಲಿ, ದೇವರ ಪಲ್ಲಕ್ಕಿ ಹೋಗುವುದು ಅಲ್ಲಿಗೆ, ಕಡೆಗೆ ಅಸ್ಥಿ ಬಿಡುವುದೂ ಅಲ್ಲೇ. ಹಾಗಾಗಿ ಮಳೆ ಬಂದ ಮರುದಿನ ನೀರಿಗೆ ಇಳಿಯಬಹುದೇ ಎಂಬ ಪ್ರಶ್ನೆ ಕಡಲೂರಿನವರಿಗೆ ಎಷ್ಟು ದೊಡ್ಡದೋ ನಮಗೂ ಅಷ್ಟೇ ದೊಡ್ಡದು. ಅಲ್ಲಿ ಕೆಲವು ಕಡೆಯಾದರೂ ಅದನ್ನು ಕೇಳುತ್ತಾರೆ. ಇಲ್ಲಿ ಕೇಳುವವರು ಕಡಿಮೆ. ಅದಕ್ಕೇ ಇವತ್ತು ಎರಡೂ ಹೊಳೆಗಳ ದಂಡೆಗೆ ಹೋಗಿ ನಿಂತು ನೋಡಬೇಕೆಂದು ಹೊರಟಿದ್ದೇನೆ.

ಬಗಲ ಚೀಲದಲ್ಲಿ ನಾಲ್ಕು ಪುಟ್ಟ ಗಾಜಿನ ಸೀಸೆಗಳಿವೆ. ಹಳ್ಳಿಯಲ್ಲಿ ಕುಡಿಯುವ ನೀರು ಪರೀಕ್ಷಿಸಲು ತರಬೇತಿ ಪಡೆದ ಹೆಣ್ಣುಮಗಳೊಬ್ಬಳು ಕೊಟ್ಟದ್ದು. ಒಳಗೆ ಕಂದು ಬಣ್ಣದ ಕಾಗದದ ಚೂರು. ನೀರು ತುಂಬಿ ಮುಚ್ಚಳ ಬಿಗಿದು ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡಬೇಕು. ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದರೆ ಅವು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ, ನೀರು ಮಸಿಯಂತೆ ಕಪ್ಪಾಗುತ್ತದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಈ ಸರಳ ವಿಧಾನ ಈಗ ಜಗತ್ತಿನ ನಾನಾ ದೇಶಗಳ ಹಳ್ಳಿಗಳನ್ನು ಮುಟ್ಟಿದೆ. ಒಂದು ಸೀಸೆಗೆ ಮನೆಯಲ್ಲೇ ಕುದಿಸಿ ಆರಿಸಿದ ನೀರು ತುಂಬಿದ್ದೇನೆ. ಉಳಿದ ಮೂರು ಖಾಲಿ.

ಮೊದಲು ಮಾವಿನಕೆರೆಯ ಏರಿಯ ಮೇಲೆ ನಿಲ್ಲುತ್ತೇನೆ. ನಗರದ ನೆತ್ತಿಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಬೇರೆಲ್ಲೂ ಹೋಗಬೇಕಿಲ್ಲ. ಚರಂಡಿ ಕಾಲುವೆಗೆ, ಕಾಲುವೆ ಕೆರೆಗೆ. ನೀರಿನ ಮೇಲೆ ಪ್ಲಾಸ್ಟಿಕ್ ಲೋಟ, ಚಪ್ಪಲಿ, ಬೂದು ನೊರೆ ಒಂದೇ ಸಾಲಾಗಿ ತೇಲಿ ಬರುತ್ತಿವೆ. ಬೇಸಿಗೆ ಪೂರ್ತಿ ಬೀದಿಯಲ್ಲಿ, ಬಯಲಲ್ಲಿ, ಕೊಟ್ಟಿಗೆಯಲ್ಲಿ, ಸಂಡಾಸಿನ ಗುಂಡಿಯಲ್ಲಿ ಕೂತಿದ್ದ ಹೊಲಸು ಒಂದೇ ರಾತ್ರಿಯಲ್ಲಿ ಎದ್ದು ನಡೆಯುತ್ತಿದೆ. ಮಳೆಯ ಮೊದಲ ಹೊಡೆತದ ನೀರಿನಲ್ಲೇ ಕೊಳೆ ಅತಿ ಹೆಚ್ಚು. ಆಮೇಲಿನ ಮಳೆ ಅದಕ್ಕಿಂತ ತಿಳಿ.

ಈ ಊರಿಗೆ ಕೆಟ್ಟ ನೀರು ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. 2022ರ ಮೇ ಕೊನೆ ಮತ್ತು ಜೂನ್ ಆರಂಭದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ನಗರದ ಹಲವು ವಾರ್ಡುಗಳ ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅದೇ ಕತೆ, ಅಲ್ಲಿ ಒಂದು ಮಗು ಸತ್ತಿತು. ಆಗಿನಿಂದ ಕುಡಿಯುವ ನೀರಿನ ಬಗ್ಗೆ ನಮ್ಮಲ್ಲಿ ಒಂದು ಎಚ್ಚರ ಬಂದಿದೆ. ಕೊಡ ಬಗ್ಗಿಸಿ ನೋಡುತ್ತೇವೆ, ಕುದಿಸುತ್ತೇವೆ, ಕ್ಯಾನ್ ತರಿಸುತ್ತೇವೆ. ಆದರೆ ಅದೇ ನೀರಿನಲ್ಲಿ ಮುಳುಗಿ ಏಳುವಾಗ ಆ ಎಚ್ಚರ ದಂಡೆಯಲ್ಲಿ ಬಿಚ್ಚಿಟ್ಟ ಬಟ್ಟೆಯ ಜೊತೆ ಉಳಿದುಬಿಡುತ್ತದೆ. ಈಜುವ ಮಗು ಪ್ರತಿ ಸಲವೂ ಒಂದಿಷ್ಟು ನೀರು ನುಂಗುತ್ತದೆ ಎಂಬುದು ನಮಗೆ ಹೊಳೆಯುವುದಿಲ್ಲ.

ಹೈದರಾಬಾದ್ ರಸ್ತೆ ಹಿಡಿದು ಸುಮಾರು 20 ಕಿಲೋಮೀಟರ್ ಬಂದರೆ ದೇವಸೂಗೂರು. ಒಂದು ಕಡೆ ಶಕ್ತಿನಗರದ ಚಿಮಣಿಗಳು, ಇನ್ನೊಂದು ಕಡೆ ಸೂಗೂರೇಶ್ವರನ ಗುಡಿ, ಮುಂದೆ ನಿಜಾಮರ ಕಾಲದ ಸೇತುವೆ. ಕೆಳಗೆ ಕೃಷ್ಣೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಹಸಿರಾಗಿ ತೆಳ್ಳಗೆ ಹರಿಯುತ್ತಿದ್ದವಳು ಇವತ್ತು ದಂಡೆಯಿಂದ ದಂಡೆಗೆ ಕೆಂಪು. ನೀರಿನ ಬಳಿ ಹೋಗುವ ಮೊದಲೇ ಅದರ ವಾಸನೆ ಬರುತ್ತದೆ: ಹಸಿಮಣ್ಣು, ಕೊಳೆತ ಜೊಂಡು, ಅದರಡಿ ಇನ್ನೇನೋ ಹುಳಿ. ಮೆಟ್ಟಿಲ ಮೇಲೆ ಕೂತು ಅಂಗೈಯಲ್ಲಿ ನೀರು ಎತ್ತಿದರೆ ಕೈಯ ಗೆರೆಗಳೇ ಕಾಣುವುದಿಲ್ಲ.

ಮೊದಲ ಸೀಸೆ ಇಲ್ಲಿ ತುಂಬುತ್ತೇನೆ. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಮುದುಕ ಕೇಳುತ್ತಾನೆ: 'ಏನ್ರಿ, ತೀರ್ಥಾನಾ?' ಅಲ್ಲ, ನೀರು ಹೇಗಿದೆ ನೋಡಲಿಕ್ಕೆ ಎನ್ನುತ್ತೇನೆ. 'ನೋಡಾದೇನದರಿ ಅದರಾಗ. ಹೊಸನೀರು ಬಂದದ. ನಾವು ಇದರಾಗ ಕಾಲಿಡಂಗಿಲ್ಲ. ಬಲಿ ಎತ್ತಿ ಕುಂತೀವಿ.' ಅವನ ಕಾಲ್ಬೆರಳ ಸಂದುಗಳು ಬೆಳ್ಳಗೆ ಒಡೆದಿವೆ. ಮಳೆಗಾಲದ ನೀರು ತಿಂದ ಕಾಲು. ಬದುಕೆಲ್ಲ ಹೊಳೆಯಲ್ಲೇ ಕಳೆದವನು ಹೊಳೆಯಿಂದ ನಾಲ್ಕು ಮೆಟ್ಟಿಲು ಮೇಲೆ ಕೂತಿದ್ದಾನೆ. ಅವನನ್ನು ದಾಟಿಕೊಂಡು ಊರಿನಿಂದ ಬಂದ ನಾವು ಕೆಳಗಿಳಿಯುತ್ತಿದ್ದೇವೆ.

ಈ ಕೆಂಪು ನೀರು ಎಲ್ಲೆಲ್ಲಿಂದ ಬಂದದ್ದು? ದೇವಸೂಗೂರಿಗೆ ಮೇಲೆ, ರಾಯಚೂರು ತಾಲ್ಲೂಕಿನ ಕಾಡ್ಲೂರಿನ ಬಳಿ ಭೀಮೆ ಬಂದು ಕೃಷ್ಣೆಯನ್ನು ಸೇರುತ್ತಾಳೆ. ಭೀಮೆಗೆ ಪುಣೆಯ ಮುಳಾ ಮುಠಾ ನದಿಗಳ ನೀರು ಸೇರಿದೆ. ಅದು ಉಜನಿ ಅಣೆಕಟ್ಟು, ಪಂಢರಪುರ ದಾಟಿ ಬಂದದ್ದು. ಕೃಷ್ಣೆಗೆ ಸಾತಾರಾ, ಸಾಂಗಲಿ, ಕೊಲ್ಹಾಪುರದ ನೀರು. ಈ ಮೆಟ್ಟಿಲ ಮೇಲೆ ನಿಂತವನ ಪಾದ ತೊಳೆಯುವುದು ಎರಡು ರಾಜ್ಯಗಳ ಮಳೆ, ಎರಡು ರಾಜ್ಯಗಳ ಚರಂಡಿ.

ನಾಲ್ಕು ಮೆಟ್ಟಿಲು ಕೆಳಗೆ ಒಬ್ಬ ತಂದೆ ಆರೇಳು ವರ್ಷದ ಮಗನ ಮೂಗು ಹಿಡಿದು ಮೂರು ಸಲ ಮುಳುಗಿಸುತ್ತಾನೆ. ಹುಡುಗ ಕೆಮ್ಮುತ್ತ ಏಳುತ್ತಾನೆ, ತುಟಿಯ ಸುತ್ತ ಕೆಂಪು ಗೆರೆ. ತಾಯಿ ಸೆರಗಿನಿಂದ ಒರೆಸುತ್ತಾಳೆ. ಭಕ್ತಿಯಲ್ಲಿ ಒಂದು ಚೂರೂ ಕೊರತೆಯಿಲ್ಲ. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಒರೆಸುವ ಸೆರಗನ್ನು ನೋಡುತ್ತಾ ನನ್ನ ಅಜ್ಜಿಯ ಮಾತು ನೆನಪಾಗುತ್ತದೆ.

ಅಜ್ಜಿ ಪಂಚಾಂಗ ನೋಡದೆ ಹೊಳೆಗೆ ಹೋದವಳಲ್ಲ. ಕರ್ಕ ಸಂಕ್ರಮಣ ಬಂತೆಂದರೆ 'ಹೊಳಿಗೆ ರಜೋದೋಷ, ಮೂರು ದಿನ ಜಳಕ ಇಲ್ಲ' ಎನ್ನುತ್ತಿದ್ದಳು. ಮಳೆಗಾಲದ ಆರಂಭದಲ್ಲಿ ನದಿಗಳು ರಜಸ್ವಲೆಯರಾಗಿರುತ್ತವೆ, ದೊಡ್ಡ ನದಿಗಳಲ್ಲಿ ಮೂರು ದಿನ, ಸಣ್ಣ ಹೊಳೆಗಳಲ್ಲಿ ಇನ್ನೂ ಹೆಚ್ಚು ಕಾಲ ಸ್ನಾನ ಮಾಡಬಾರದು ಎಂದು ಧರ್ಮಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಹೆಣ್ಣಿನ ಸಹಜ ದೇಹಧರ್ಮವನ್ನು ಮೈಲಿಗೆ ಎಂದು ಕರೆದ ಆ ಭಾಷೆಯನ್ನು ನಾನು ಒಪ್ಪುವುದಿಲ್ಲ. ಆದರೆ ಅದರ ಹಿಂದಿನ ಕಣ್ಣು ಮಾತ್ರ ಹೊಳೆಯನ್ನು ಸರಿಯಾಗಿ ನೋಡಿದ ಕಣ್ಣು. ನೀರು ಕೆಂಪಾದಾಗ ದೂರ ಇರು, ಮೂರು ದಿನ ಬಿಡು.

ಕಡಲಾಚೆಯ ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯ ಇಲಾಖೆಗಳು ಕೊಡುವ ಸಲಹೆಯೂ ಇದೇ: ಮಳೆ ನಿಂತ ಮೇಲೆ 72 ಗಂಟೆ ಕಡಲಿಗೆ ಇಳಿಯಬೇಡಿ. ಎಪ್ಪತ್ತೆರಡು ಗಂಟೆ ಎಂದರೆ ಮೂರು ದಿನ. ಪಂಚಾಂಗ ಸಂಕ್ರಮಣಕ್ಕೆ ಗಂಟು ಹಾಕಿದ್ದನ್ನು ಅವರು ಮಳೆಗೇ ಗಂಟು ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ. ಕಾರಣ ಸರಳ. ರೋಗಾಣುಗಳ ದೊಡ್ಡ ಶತ್ರು ಬಿಸಿಲು. ರಾಡಿ ನೀರಿನ ಒಳಕ್ಕೆ ಬಿಸಿಲು ಇಳಿಯುವುದಿಲ್ಲ, ಪ್ರತಿ ಮಣ್ಣಿನ ಕಣವೂ ಒಂದೊಂದು ರೋಗಾಣುವಿಗೆ ಕೊಡೆ ಹಿಡಿದಂತೆ. ಹರಿವು ಇಳಿದು, ಮಣ್ಣು ತಳಕ್ಕೆ ಕೂತು, ಬಿಸಿಲು ಒಳಗೆ ಇಳಿಯಲು ಎರಡು ಮೂರು ದಿನ ಬೇಕು.

2024ರ ಒಲಿಂಪಿಕ್ಸ್‌ಗಾಗಿ ಪ್ಯಾರಿಸ್ ನಗರ ಸೇನ್ ನದಿಯನ್ನು ಶುದ್ಧಗೊಳಿಸಲು ನೂರು ಕೋಟಿ ಯೂರೋಗಿಂತ ಹೆಚ್ಚು ಖರ್ಚು ಮಾಡಿತು. ಆದರೂ ಉದ್ಘಾಟನೆಯ ಹೊತ್ತಿಗೆ ಸುರಿದ ಮಳೆಗೆ ನೀರು ಕೆಟ್ಟು, ಜುಲೈ 30ರಂದು ನಡೆಯಬೇಕಿದ್ದ ಪುರುಷರ ಟ್ರಯಥ್ಲಾನ್ ಅನ್ನು ಮರುದಿನಕ್ಕೆ ಮುಂದೂಡಬೇಕಾಯಿತು. 2025ರ ಜುಲೈನಲ್ಲಿ ಸೇನ್ ನದಿಯ ಸ್ನಾನಘಟ್ಟಗಳು ಶತಮಾನದ ಬಳಿಕ ಜನರಿಗೆ ತೆರೆದುಕೊಂಡವು. ಮಳೆಗೆ ನೀರು ಕೆಟ್ಟ ದಿನ ಅವುಗಳನ್ನೂ ಮುಚ್ಚುತ್ತಾರೆ. ಜಗತ್ತಿನ ಅತ್ಯುತ್ತಮ ಈಜುಗಾರರು ಕಾದಿದ್ದಾರೆ. ನಮ್ಮ ಮಕ್ಕಳು ಕಾಯುವುದರಲ್ಲಿ ಅವಮಾನವಿಲ್ಲ.

ದೇವದುರ್ಗದ ಹಾದಿಯಲ್ಲಿ ಹತ್ತಿ ಹೊಲಗಳು ತೊಳೆದು ನಿಂತಿವೆ. ಹಳ್ಳಗಳು ರಸ್ತೆಯಡಿಯ ಕೊಳವೆಯಿಂದ ಭೋರ್ಗರೆಯುತ್ತಿವೆ. ಆದರೆ ದೇವದುರ್ಗ ದಾಟಿ ಹೂವಿನಹೆಡಗಿ ಹತ್ತಿರವಾದಂತೆ ವಿಚಿತ್ರವೊಂದು ಕಣ್ಣಿಗೆ ಬೀಳುತ್ತದೆ. ಇಲ್ಲಿ ರಾತ್ರಿ ಮಳೆಯೇ ಆಗಿಲ್ಲ. ರಸ್ತೆ ಒಣಗಿದೆ, ಆಕಾಶ ತಿಳಿನೀಲಿ, ದನಗಳ ಗೊರಸಿನಿಂದ ಧೂಳು ಏಳುತ್ತದೆ. ಸೇತುವೆಯ ಬಳಿ ಇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಕೃಷ್ಣೆ ಕಂಬಗಳ ಕುತ್ತಿಗೆ ಹಿಡಿದು ಹರಿಯುತ್ತಿದ್ದಾಳೆ. ಕಂಬಕ್ಕೆ ಬಡಿದ ನೀರು ಎರಡಾಗಿ ಸೀಳಿ, ಹಿಂದೆ ಸುಳಿ ಸುತ್ತಿ, ಮತ್ತೆ ಒಂದಾಗುತ್ತದೆ. ಬೇರುಸಮೇತ ಕಿತ್ತುಬಂದ ಜಾಲಿ ಮರವೊಂದು ಕಂಬಕ್ಕೆ ತಾಗಿ ಒಂದು ಕ್ಷಣ ತಡೆದು ನಿಂತು, ತಲೆಕೆಳಗಾಗಿ ಮುಳುಗಿ, ಆಚೆ ಇಪ್ಪತ್ತು ಮಾರು ದೂರದಲ್ಲಿ ಏಳುತ್ತದೆ.

ಇದು ಎಡೆದೊರೆ ನಾಡಿನ ಹೊಳೆಯ ದೊಡ್ಡ ಮೋಸ. ಇಲ್ಲಿ ಪ್ರವಾಹ ಬರಲು ಇಲ್ಲಿ ಮಳೆ ಬರಬೇಕಿಲ್ಲ. ಮಹಾಬಳೇಶ್ವರದ ಬೆಟ್ಟದಲ್ಲಿ ಬಿದ್ದ ಮಳೆ ಆಲಮಟ್ಟಿಗೆ ಬರುತ್ತದೆ. ಆಲಮಟ್ಟಿಯ 26 ಗೇಟುಗಳಿಂದ ನಾರಾಯಣಪುರದ ಬಸವಸಾಗರಕ್ಕೆ, ಬಸವಸಾಗರದ 30 ಗೇಟುಗಳಿಂದ ನೇರ ದೇವದುರ್ಗದ ದಂಡೆಗೆ. ಪತ್ರಿಕೆಯಲ್ಲಿ ಒಂದು ಲಕ್ಷ ಕ್ಯೂಸೆಕ್ ಎಂದು ಓದಿ ಪುಟ ತಿರುಗಿಸುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗೂ ಹೆಚ್ಚು ನೀರು. ಒಂದು ಲಕ್ಷ ಕ್ಯೂಸೆಕ್ ಎಂದರೆ ನೀವು ಒಮ್ಮೆ ಉಸಿರೆಳೆದು ಬಿಡುವಷ್ಟರಲ್ಲಿ ಸಾವಿರಾರು ಟ್ಯಾಂಕರ್ ನೀರು ಈ ಕಂಬಗಳ ನಡುವೆ ಹಾದುಹೋಗಿರುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಮೊಣಕಾಲುದ್ದದ ನೀರೂ ಗಟ್ಟಿ ಆಳನ್ನು ಕೆಡವುತ್ತದೆ. 'ಸೆಳವು' ಎಂದು ನಮ್ಮವರು ಕರೆಯುವುದು ಇದನ್ನೇ.

2019ರ ಆಗಸ್ಟ್‌ನಲ್ಲಿ ಇದೇ ತಾಲ್ಲೂಕಿನ ಹಿರೇರಾಯಕುಂಪಿಯ ಬಳಿ ಸೇತುವೆಯ ಮೇಲೆ ಹೊಳೆ ಹರಿಯುತ್ತಿದ್ದಾಗ, ಮಹಿಳೆಯೊಬ್ಬರ ಶವ ಮತ್ತು ಆರು ಮಕ್ಕಳಿದ್ದ ಆಂಬ್ಯುಲೆನ್ಸ್‌ಗೆ ದಾರಿ ಕಾಣದಾಯಿತು. ಊರಿನ 12 ವರ್ಷದ ಬಾಲಕ ಸೊಂಟಮಟ್ಟದ ನೀರಿನಲ್ಲಿ ಬೀಳುತ್ತ ಏಳುತ್ತ ಮುಂದೆ ಓಡಿ ಗಾಡಿಯನ್ನು ದಾಟಿಸಿದ. ಆ ದೃಶ್ಯವನ್ನು ದೇಶವೇ ನೋಡಿತು, ಜಿಲ್ಲಾಡಳಿತ ಸ್ವಾತಂತ್ರ್ಯ ದಿನದಂದು ಅವನನ್ನು ಗೌರವಿಸಿತು. ಆ ಹುಡುಗನ ಎದೆಗಾರಿಕೆಗೆ ಕೈಮುಗಿಯುತ್ತೇನೆ. ಆದರೆ ಆ ದೃಶ್ಯದಿಂದ ಬೇರೆ ಮಕ್ಕಳು 'ನಾವೂ ದಾಟಬಹುದು' ಎಂಬ ಪಾಠ ಕಲಿಯಬಾರದು. ಮರುವರ್ಷ, 2020ರ ಆಗಸ್ಟ್‌ನಲ್ಲಿ, ಕೆಳಗೆ ಕುರ್ವಕಲಾದ ಬಳಿ ಇದೇ ಕೃಷ್ಣೆಯಲ್ಲಿ 13 ಜನರಿದ್ದ ಹರಿಗೋಲು ಮಗುಚಿತು. ನಾಲ್ವರನ್ನು ಹೊಳೆ ಕೊಂಡೊಯ್ದಿತು. ಹೊಳೆ ಪ್ರತಿ ಸಲ ದಾರಿ ಕೊಡುವುದಿಲ್ಲ.

ದಂಡೆಯಲ್ಲಿ ಕುರಿ ಬಿಟ್ಟುಕೊಂಡು ನಿಂತ ಹೆಂಗಸು ಕೋಲಿನಿಂದ ತೋರಿಸುತ್ತಾಳೆ: 'ಅಗಾ, ಅಲ್ಲಿ ಬ್ಯಾಸಿಗ್ಯಾಗ ಉಸುಕು ತೆಗದಾರ. ಆಳು ಮುಳುಗೋವಷ್ಟು ತೆಗ್ಗು. ಈಗ ನೋಡ್ರಿ, ಕಾಣ್ತದೇನು?' ಕಾಣುವುದಿಲ್ಲ. ಕೆಂಪು ನೀರು ಎಲ್ಲವನ್ನೂ ಸಮತಟ್ಟು ಮಾಡಿ ಹೊದಿಸಿದೆ. ಹೊಳೆಯ ತಳ ಮೊದಲು ಇಳಿಜಾರಾಗಿ ಹೋಗುತ್ತಿತ್ತು, ಹತ್ತು ಹೆಜ್ಜೆ ಇಟ್ಟರೂ ಮೊಣಕಾಲು. ಮರಳು ತೆಗೆದ ಮೇಲೆ ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ತಳವೇ ಇಲ್ಲ. ಅಪ್ಪ ಈಜು ಕಲಿತ ಜಾಗದಲ್ಲೇ ಮಗ ಮುಳುಗುವುದಕ್ಕೆ ಕಾರಣ ಇದು. ಅಪ್ಪನ ನೆನಪಿನಲ್ಲಿರುವ ಹೊಳೆ ಈಗ ಅಲ್ಲಿಲ್ಲ.

'ಮತ್ತ ಮಸಳಿ?' ಎಂದು ಕೇಳಿದರೆ ಅವಳು ನಗುವುದಿಲ್ಲ. 'ಅದಾವ್ರಿ. ನೀರು ಇಳದ ಮ್ಯಾಲ ದಂಡಿಗೆ ಬರ್ತಾವ. ಕುರಿಮರಿ ಒಯ್ದಾವ.' ಕೃಷ್ಣೆಯ ಈ ಮಡುಗಳು ಮೊಸಳೆಗಳ ಹುಟ್ಟು ಮನೆ. ಪ್ರವಾಹ ಬಂದಾಗ ಅವೂ ಸೆಳವು ಕಡಿಮೆ ಇರುವ ಅಂಚಿಗೆ, ಹಳ್ಳದ ಬಾಯಿಗೆ ಸರಿಯುತ್ತವೆ. ನಾವು ಸ್ನಾನಕ್ಕೆ ಆರಿಸುವುದೂ ಅಂಥದೇ ಜಾಗ. ತಿಳಿನೀರಿನಲ್ಲಿ ಕಣ್ಣಿಗೆ ಬೀಳುವ ಬೆನ್ನು ರಾಡಿ ನೀರಿನಲ್ಲಿ ಬೀಳುವುದಿಲ್ಲ. ಎರಡನೆಯ ಸೀಸೆಯನ್ನು ತುಂಬುವಾಗ ನಾನು ಕೈ ಚಾಚುವುದಿಲ್ಲ, ಕೋಲಿನ ತುದಿಗೆ ತಂಬಿಗೆ ಕಟ್ಟಿ ಎತ್ತುತ್ತೇನೆ. ಹಾಗೆ ಮಾಡೆಂದು ಹೇಳಿದವಳು ಅವಳೇ.

ಸಿರವಾರ ದಾಟಿ ಮಾನ್ವಿಗೆ ಬರುವಾಗ ಮಧ್ಯಾಹ್ನ ಇಳಿದಿದೆ. ನೆಲದ ಬಣ್ಣವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು, ಸೊಂಟ ಬಗ್ಗಿಸಿ ನಾಟಿ ಮಾಡುವ ಹೆಣ್ಣಾಳುಗಳ ಸಾಲು. ಬದುವಿನ ಮೇಲೆ ಗೊಬ್ಬರದ ಚೀಲ, ಕೀಟನಾಶಕದ ಖಾಲಿ ಡಬ್ಬಿ. ಮಳೆ ಬಂದರೆ ಗದ್ದೆ ತುಂಬಿ ಹಳ್ಳಕ್ಕೆ, ಹಳ್ಳ ತುಂಬಿ ಹೊಳೆಗೆ. ಕೃಷ್ಣೆಯ ದಂಡೆಯಲ್ಲಿ ಭಯ ಹುಟ್ಟಿಸಿದ್ದು ಸೆಳವು. ಇಲ್ಲಿ ಅದರ ಜೊತೆಗೆ ಕಣ್ಣಿಗೆ ಕಾಣದ್ದೂ ಸೇರಿದೆ.

ಚೀಕಲಪರ್ವಿಯ ದಂಡೆ. ದಾಸಶ್ರೇಷ್ಠರಾದ ವಿಜಯದಾಸರು 1682ರಲ್ಲಿ ಹುಟ್ಟಿದ ಊರು. ತುಂಗಭದ್ರೆ ಹರಿಹರ, ಹೊಸಪೇಟೆ, ಕಂಪ್ಲಿ ದಾಟಿ ಇಲ್ಲಿಗೆ ಬಂದಿದ್ದಾಳೆ. ಕೆಳಗೆ ರಾಜೋಳಿಬಂಡಾ ಅಣೆಕಟ್ಟು, ಇನ್ನೂ ಕೆಳಗೆ ಮಂತ್ರಾಲಯ. ಊರಿನ ಹಿರಿಯರ ಬಾಯಲ್ಲಿ ವರ್ಷ ಕೇಳಿದರೆ ಅವರು ಹೇಳುವುದು 2009. ಆ ಸಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಇಲ್ಲೇ ಮಳೆ ಸುರಿಯಿತು, ಮೇಲಿನ ನೀರೂ ಬಂತು. ತುಂಗಭದ್ರೆ ಮಂತ್ರಾಲಯದ ರಾಯರ ಮಠದೊಳಗೇ ನುಗ್ಗಿದಳು. ಕಿರಿಯರು ಹೇಳುವ ವರ್ಷ 2024. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕಿತ್ತುಹೋಗಿ, ಮಳೆಯೇ ಇಲ್ಲದೆ ಹೊಳೆ ಏರಿತು. ದಂಡೆಯ ಊರುಗಳಲ್ಲಿ ಡಂಗುರ ಸಾರಿದರು. ಕೃಷ್ಣೆಯ ಪಾಠವೇ ಇಲ್ಲೂ: ನಿಮ್ಮ ತಲೆಯ ಮೇಲಿನ ಮೋಡ ನೋಡಿ ಹೊಳೆಯನ್ನು ಅಳೆಯಬೇಡಿ.

ದಂಡೆಯಲ್ಲಿ ಐದಾರು ಹುಡುಗರು ಬಟ್ಟೆ ಬಿಚ್ಚಿ ನಿಂತಿದ್ದಾರೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದ ಕಾಲ ಹೋಯಿತು. ಈಗ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು. ಒಬ್ಬ ಮೊಣಕಾಲುದ್ದ ನೀರಿಗೆ ಇಳಿದಿದ್ದಾನೆ. ನಾನು ಸೀಸೆಯ ಮುಚ್ಚಳ ತಿರುಗಿಸುತ್ತಿರುವಾಗ 'ಏಯ್' ಎಂಬ ಕೂಗು. ಪಾಚಿಯ ಬಂಡೆ ಮೇಲೆ ಅವನ ಕಾಲು ಜಾರಿದೆ. ನೀರು ಅವನನ್ನು ಎಳೆಯುವುದು ಆರ್ಭಟದಿಂದಲ್ಲ, ಬಹಳ ಮೆತ್ತಗೆ, ಕೈಹಿಡಿದು ಕರೆದುಕೊಂಡು ಹೋದ ಹಾಗೆ. ಅವನ ಬಾಯಿಂದ ಒಂದು ಶಬ್ದವೂ ಬರುವುದಿಲ್ಲ. ಮುಳುಗುವವರು ಕೂಗುವುದಿಲ್ಲ, ಉಸಿರಿಗೇ ಸಾಲದ ಬಾಯಿ ಕೂಗುವುದು ಹೇಗೆ?

ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಎದ್ದು ನಿಂತು, ಕೈಯಲ್ಲಿದ್ದ ಒದ್ದೆ ಸೀರೆಯ ಒಂದು ತುದಿಯನ್ನು ಮುಂಗೈಗೆ ಸುತ್ತಿ ಇನ್ನೊಂದು ತುದಿಯನ್ನು ಬೀಸುತ್ತಾಳೆ. ಮೊದಲ ಸಲ ತಪ್ಪುತ್ತದೆ. ಎರಡನೆಯ ಸಲ ಹುಡುಗನ ಕೈಗೆ ಸಿಗುತ್ತದೆ. ನಾವು ಇಬ್ಬರು ಓಡಿ ಅವಳ ಹಿಂದೆ ಸೀರೆ ಹಿಡಿದು ಎಳೆಯುತ್ತೇವೆ. ಹತ್ತು ಎಣಿಸುವಷ್ಟರಲ್ಲಿ ಎಲ್ಲ ಮುಗಿದಿದೆ. ಹುಡುಗ ದಂಡೆಯ ಕೆಸರಿನಲ್ಲಿ ಮಂಡಿಯೂರಿ ಕೆಮ್ಮುತ್ತಿದ್ದಾನೆ, ಅಂಗಾಲು ಬಂಡೆಗೆ ಸೀಳಿ ರಕ್ತ. ಅಜ್ಜಿ ಬೈಯುವುದಿಲ್ಲ. ಸೀರೆಯನ್ನು ಮತ್ತೆ ನೀರಿಗೆ ಅದ್ದುತ್ತಾ ಇಷ್ಟೇ ಹೇಳುತ್ತಾಳೆ: 'ನಾ ಇಳದಿದ್ರ ಇಬ್ರೂ ಹೋಗ್ತಿದ್ವಿ, ತಮ್ಮ.'

ಜೀವರಕ್ಷಣೆಯ ತರಬೇತಿಯಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಇದು: ಇಳಿಯಬೇಡ, ಎಸೆ. ಹಗ್ಗ, ಸೀರೆ, ಟವೆಲ್, ಕೋಲು, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದು. ಮುಳುಗುವವನನ್ನು ಹಿಡಿಯಲು ಹಾರಿದವರೂ ಒಬ್ಬರ ಹಿಂದೆ ಒಬ್ಬರು ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆ, ಪ್ರತಿ ಮಳೆಗಾಲ ಓದುತ್ತೇವೆ. ಮೇಲೆ ತಂದವನಿಗೆ ಉಸಿರಿಲ್ಲದಿದ್ದರೆ ತಲೆಯ ಮೇಲೆ ಹೊತ್ತು ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಅದರಲ್ಲಿ ಕಳೆಯುವ ಪ್ರತಿ ನಿಮಿಷವೂ ಮಿದುಳಿಗೆ ಗಾಳಿಯಿಲ್ಲದ ನಿಮಿಷ. ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯ ನಡುವೆ ಗಟ್ಟಿಯಾಗಿ ಒತ್ತುತ್ತಿರಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ನಮ್ಮ ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಘೋಷಿಸಿದೆ. ನಮ್ಮ ಹೊಳೆಗಳು ಏರುವ ಹೊತ್ತಿಗೇ ಆ ದಿನ ಬರುತ್ತದೆ.

ಹುಡುಗನ ಅಂಗಾಲನ್ನು ಬಾಟಲಿಯ ಶುದ್ಧ ನೀರಿನಿಂದ ತೊಳೆದು ಬಟ್ಟೆ ಕಟ್ಟುತ್ತೇನೆ. ಜೀವ ಉಳಿದರೂ ಗಂಡಾಂತರ ಮುಗಿದಿಲ್ಲ. ಇಲಿ ಮತ್ತು ದನಗಳ ಮೂತ್ರದಿಂದ ನೀರಿಗೆ ಸೇರುವ ಇಲಿಜ್ವರದ ರೋಗಾಣು ಒಳಗೆ ಬರುವುದು ಇಂಥ ಗಾಯದಿಂದಲೇ. ಅದು ಕಾಣಿಸಿಕೊಳ್ಳಲು ಒಂದೆರಡು ವಾರ ಹಿಡಿಯಬಹುದು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು. ಅಷ್ಟರಲ್ಲಿ ಹೊಳೆಯ ನೆನಪು ಮನೆಯವರಿಗೆ ಹೋಗಿರುತ್ತದೆ. 'ಜ್ವರ ಬಂದ್ರ ಡಾಕ್ಟರಿಗೆ ಹೊಳಿಗೆ ಬಿದ್ದಿದ್ದೆ ಅಂತ ಹೇಳು' ಎಂದು ಅವನಿಗೆ ಎರಡು ಸಲ ಹೇಳಿ, ಅವನ ಬಾಯಿಂದ ಒಮ್ಮೆ ಹೇಳಿಸುತ್ತೇನೆ. ನುಂಗಿದ ನೀರಿನಿಂದ ವಾಂತಿ ಭೇದಿ, ವಿಷಮಶೀತ ಜ್ವರ, ಕಾಮಾಲೆ ಬರಬಹುದು. ಕಿವಿ ಸೋರಬಹುದು, ಚರ್ಮ ಕೆರೆಯಬಹುದು. ಮೂರನೆಯ ಸೀಸೆಯನ್ನು ತುಂಬಿ ಮೇಲೇರುತ್ತೇನೆ.

ದಂಡೆಯ ಅರಳಿಮರದಡಿ ಕೂತು ಸುತ್ತ ನೋಡುತ್ತೇನೆ. ಗುಡಿಯ ಕಟ್ಟಳೆಗಳ ಫಲಕವಿದೆ, ದಾನಿಗಳ ಹೆಸರಿನ ಕಲ್ಲಿದೆ. ಇವತ್ತು ಮೇಲಿನಿಂದ ಎಷ್ಟು ನೀರು ಬಿಟ್ಟಿದ್ದಾರೆ, ನೀರು ಹೇಗಿದೆ, ಎಲ್ಲಿ ಗುಂಡಿಯಿದೆ ಎಂದು ಹೇಳುವ ಒಂದು ಅಕ್ಷರವೂ ಇಲ್ಲ. ಬೆಳಗಿನಿಂದ ನಿಂತ ಮೂರು ದಂಡೆಗಳಲ್ಲೂ ನನ್ನ ಕಣ್ಣಿಗೆ ಅಂಥದ್ದು ಬೀಳಲಿಲ್ಲ. ನಮ್ಮದೇ ರಾಜ್ಯದ ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಬಾವುಟ ಹಾರಬೇಕಾದರೆ ನೀರನ್ನು ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಜನ ಓದುವ ಹಾಗೆ ತೀರದಲ್ಲೇ ಹಚ್ಚಬೇಕು. ಹೊಳೆಗಳಿಗೂ ಅಳತೆಗೋಲು ಇಲ್ಲದೆ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನದ ನೀರಿನ 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರ್ಮ್ 500ರ ಒಳಗಿದ್ದರೆ ಒಳ್ಳೆಯದು, 2500 ದಾಟಲೇಬಾರದು. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು ಇರಬೇಕು. ಅಳತೆಯಿದೆ, ಅಳೆಯುವ ವಿದ್ಯೆಯಿದೆ. ಅದು ಸ್ನಾನ ಮಾಡುವವನ ಕಣ್ಣೆದುರಿಗೆ ಬಂದಿಲ್ಲ.

ನಾನು ಕೇಳುವುದು ನೂರು ಕೋಟಿ ಯೂರೋ ಅಲ್ಲ. ಪ್ರತಿ ಸ್ನಾನಘಟ್ಟಕ್ಕೆ ಒಂದು ಕರಿಹಲಗೆ, ಒಂದು ಸುಣ್ಣದ ಕಡ್ಡಿ, ಒಂದು ಕೆಂಪು ಬಾವುಟ. ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಅಧಿಕಾರಿಗಳ ಫೋನಿಗೆ ಬರುತ್ತದೆ, ಅದನ್ನೇ ಹಲಗೆಯ ಮೇಲೆ ಬರೆಯಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಪರೀಕ್ಷಿಸಿ ಅದನ್ನೂ ಬರೆಯಲಿ. ಮರಳುಗುಂಡಿಯ ಅಂಚಿಗೆ ಗೂಟ ನೆಟ್ಟು ಹಗ್ಗ ಕಟ್ಟಲಿ. ದಂಡೆಯ ಮರಕ್ಕೆ ಇಪ್ಪತ್ತು ಮಾರು ಹಗ್ಗ ಮತ್ತು ಒಂದು ಖಾಲಿ ಕ್ಯಾನು ಸದಾ ನೇತಾಡಲಿ. ಶ್ರಾವಣದಲ್ಲಿ ಗುಡಿಯವರೇ ದಂಡೆಯ ಮೇಲೆ ಕೊಡ ತಂಬಿಗೆ ಇಟ್ಟು ಕೊಳವೆಬಾವಿಯ ನೀರು ಕೊಡಲಿ. ಇಷ್ಟಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ, ಇದು ನಮ್ಮ ಕೆಲಸ ಎನ್ನುವ ಮನಸ್ಸು.

ರಾತ್ರಿ ಮನೆಗೆ ಬಂದು ನಾಲ್ಕು ಸೀಸೆಗಳನ್ನು ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ಇಡುತ್ತೇನೆ. ಮಂಗಳವಾರ ಸಂಜೆ ನೋಡಿದರೆ ಮೂರು ಹೊಳೆಯ ಸೀಸೆಗಳು ಕಪ್ಪು. ಬೆಳಕಿಗೆ ಹಿಡಿದರೂ ಆಚೆ ಕಾಣದಷ್ಟು ಕಪ್ಪು. ಕುದಿಸಿದ ನೀರಿನ ಸೀಸೆ ಮಾತ್ರ ಇಟ್ಟ ಹಾಗೇ ಇದೆ. ಇದು ಕುಡಿಯುವ ನೀರಿನ ಪರೀಕ್ಷೆ, ತೆರೆದ ಹೊಳೆಯ ನೀರು ಇದರಲ್ಲಿ ಬಿಸಿಲುಗಾಲದಲ್ಲೂ ಕಪ್ಪಾಗಬಹುದು. ರೋಗಾಣು ಎಷ್ಟು, ಯಾವುದು ಎಂದು ಇದು ಹೇಳುವುದಿಲ್ಲ. ಆದರೆ ನಿನ್ನೆ ಆ ಮಗುವಿನ ತುಟಿಯ ಸುತ್ತ ಇದ್ದ ಕೆಂಪು ಗೆರೆ ಇದೇ ನೀರಿನದು. ಅದನ್ನು ಆ ತಾಯಿಗೆ ತೋರಿಸಲು ನನಗೆ ಬೇರೆ ಪ್ರಯೋಗಾಲಯ ಬೇಕಿಲ್ಲ.

ಹೊಳೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಹೊಳೆಯಿಲ್ಲದೆ ಎಡೆದೊರೆ ನಾಡೇ ಇಲ್ಲ. ಮಳೆ ಬಂದರೆ ಮೂರು ದಿನ ತಡೆಯಿರಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಿದ್ದರೆ ಅದು ನಿಂತು, ಹೊಳೆ ಇಳಿದು, ಮೆಟ್ಟಿಲ ಮೇಲಿನ ನೀರಿನಲ್ಲಿ ನಿಮ್ಮ ಪಾದ ನಿಮಗೇ ಕಾಣುವವರೆಗೆ ತಡೆಯಿರಿ. ಅಲ್ಲಿಯವರೆಗೆ ದಂಡೆಯ ಮೇಲೆ ಕೂತು, ಮನೆಯಿಂದ ತಂದ ನೀರನ್ನು ತಂಬಿಗೆಯಲ್ಲಿ ಮೈಮೇಲೆ ಹಾಕಿಕೊಂಡು, ಹೊಳೆಗೆ ದೂರದಿಂದ ಕೈಮುಗಿಯಿರಿ. ಮಕ್ಕಳ ಕೈ ಮಾತ್ರ ಬಿಡಬೇಡಿ.